ಸಾಲಿನ ಬಾಲಕ್ಕೆ ನಿಂತವಳು

ದಿನವಿಡೀ ನಿಂತು ಮೀನು ಸೀಳಿದವಳಿಗೆ ಸಂಜೆ ಕುಣಿಯಲು ಕಾಲೆಲ್ಲಿಂದ ಬರಬೇಕು, ನೀವೇ ಹೇಳಿ. ಪೋರ್ಟ್ ಗಾರ್ವಿ ಬಂದರಿನ ಮೀನಿನ ಶೆಡ್ಡಿನಲ್ಲಿ ರೋನಾ ಬೇರ್ಡ್ ಇಪ್ಪತ್ತಾರು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಳು. ಬೆಳಗ್ಗೆ ಆರಕ್ಕೆ ರಬ್ಬರ್ ಬೂಟು ಹಾಕಿ ಒದ್ದೆ ಸಿಮೆಂಟಿನ ಮೇಲೆ ನಿಂತರೆ ಮಧ್ಯಾಹ್ನ ಮೂರರವರೆಗೆ ಹ್ಯಾಡಕ್ ಮೀನಿನ ಬೆನ್ನಿಗೆ ಚಾಕು ಹಾಕುವುದು, ಮುಳ್ಳು ಬಿಡಿಸುವುದು, ಇನ್ನೊಂದನ್ನು ಎತ್ತಿಕೊಳ್ಳುವುದು. ಐವತ್ತೆರಡು ವಯಸ್ಸು. ಗಂಡ ಅಬರ್ಡೀನಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಹನ್ನೆರಡು ವರ್ಷವಾಗಿತ್ತು. ಮನೆಗೆ ಬಂದು ಬೂಟು ಕಳಚಿದರೆ ಪಾದ ತನ್ನದೋ ಪಕ್ಕದ ಮನೆಯವರದೋ ಗೊತ್ತಾಗುತ್ತಿರಲಿಲ್ಲ. ಅಂಥವಳು ಅಕ್ಟೋಬರಿನ ಒಂದು ಬುಧವಾರ ಸಂಜೆ ಚರ್ಚಿನ ಹಾಲ್‌ಗೆ ಹಳ್ಳಿ ಕುಣಿತ ಕಲಿಯಲು ಹೊರಟಳು ಎಂದರೆ ಅದಕ್ಕೆ ಕಾರಣ ಅವಳ ಮಗ.

ಮಗನ ಹೆಸರು ಗ್ರೆಗರ್. ದೋಣಿ ಎಂಜಿನ್ ರಿಪೇರಿ ಮಾಡುವವನು, ಸಾಧು ಹುಡುಗ. ಹಿಂದಿನ ಭಾನುವಾರ ಊಟಕ್ಕೆ ಬಂದಿದ್ದ.

"ಅಮ್ಮಾ, ಮೇ ತಿಂಗ್ಳಿಗೆ ಟೌನ್ ಹಾಲ್ ಸಿಕ್ತು. ಮದುವೆ ದಿನ ಗೊತ್ತಾದಂಗೇ ಲೆಕ್ಕ."

"ಒಳ್ಳೇದಾಯ್ತು ಕಣೋ."

ಅವನು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಫೋರ್ಕಿನಿಂದ ಅತ್ತ ದೂಡಿದ, ಇತ್ತ ದೂಡಿದ. "ಮತ್ತೆ ಆ ಮೆರವಣಿಗೆ ಕುಣಿತ ಇರುತ್ತಲ್ಲ... ಅದಕ್ಕೆ ನೀನೇನೂ ತಲೆ ಕೆಡಿಸ್ಕೋಬೇಡ. ಡೋರೀನ್ ಅತ್ತೆ ಹತ್ರ ಮಾತಾಡಿದೀನಿ. ನಿನ್ನ ಜಾಗದಲ್ಲಿ ಅವಳು ನಿಂತ್ಕೋತಾಳೆ."

ಆ ಕಡೆಯ ಮದುವೆಗಳಲ್ಲಿ ಊಟ ಮುಗಿದ ಮೇಲೆ ಮೊದಲು ಅದೇ ಆಗಬೇಕು. ಮುಂದೆ ಗಂಡು ಹೆಣ್ಣು, ಅವರ ಹಿಂದೆ ಗೆಳೆಯ ಗೆಳತಿ, ಅವರ ಹಿಂದೆ ಹೆಣ್ಣಿನ ತಂದೆ ಗಂಡಿನ ತಾಯಿಯ ಕೈ ಹಿಡಿದು, ಗಂಡಿನ ತಂದೆ ಹೆಣ್ಣಿನ ತಾಯಿಯ ಕೈ ಹಿಡಿದು ಬರಬೇಕು. ಬೀಗರು ಬೀಗಿತ್ತಿ ಜೋಡಿಯಾಗಿ ಹಾಲ್ ಸುತ್ತಬೇಕು, ನೆಂಟರಿಷ್ಟರೆಲ್ಲ ಗೋಡೆಗಂಟಿ ನಿಂತು ಚಪ್ಪಾಳೆ ತಟ್ಟಬೇಕು. ಮಗ ಅಮ್ಮನ ಮೇಲಿನ ಕನಿಕರಕ್ಕೇ ಆ ಏರ್ಪಾಡು ಮಾಡಿದ್ದ, ಪಾಪ. ಕನಿಕರವೇ ಚುಚ್ಚುವುದು ನೋಡಿ. ಬೈದಿದ್ದರೆ ರೋನಾ ತಿರುಗಿ ಬೈಯುತ್ತಿದ್ದಳು. "ನಿನ್ನ ಜಾಗದಲ್ಲಿ" ಎಂಬ ಆ ಒಂದು ಮಾತು ಮಾತ್ರ ಅನ್ನದ ಜೊತೆ ಕಲ್ಲು ನುಂಗಿದಂತೆ ಒಳಗೆ ಕೂತುಬಿಟ್ಟಿತು.

ನಾಲ್ಕು ವರ್ಷದ ಹಿಂದೆ ಮಗಳು ಕರ್ಸ್ಟಿಯ ಮದುವೆಯಲ್ಲಿ ನಡೆದದ್ದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಬ್ಯಾಂಡಿನವರು ಮೆರವಣಿಗೆಗೆ ಕರೆದಾಗ ಹೆಣ್ಣಿನ ತಾಯಿ ಕಾಣಿಸಲಿಲ್ಲ. ಗಂಡಿನ ಅಪ್ಪ ಕೈ ಚಾಚಿಕೊಂಡು ನಿಂತೇ ಇದ್ದ. ರೋನಾ ಅಡುಗೆಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು, ಯಾರೂ ಹೇಳದೇ ಇದ್ದರೂ, ಟೀ ಕಪ್ಪು ತೊಳೆಯುತ್ತಿದ್ದಳು. ಎಂಬತ್ತು ಕಪ್ಪು ತೊಳೆದಳು. ಕೊನೆಗೆ ನಾದಿನಿ ಡೋರೀನ್ ಮುಂದೆ ನುಗ್ಗಿ ಆ ಮನುಷ್ಯನ ಕೈ ಹಿಡಿದು ಮಾನ ಉಳಿಸಿದಳು. ಕರ್ಸ್ಟಿ ಅವತ್ತೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಡಂಡೀಯಿಂದ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಮಳೆ ಬಂತು, ಮಗುವಿಗೆ ಹಲ್ಲು ಬಂತು, ಸರಿ ಇಡ್ಲಾ ಎನ್ನುತ್ತಾಳೆ. ಅಷ್ಟೇ. ಮೊದಲು ಹಾಗಿರಲಿಲ್ಲ.

ನಾಚಿಕೆ ಎಂದರೆ ಕೆಲವರು ಮುದ್ದು ಗುಣ ಎಂದುಕೊಂಡಿದ್ದಾರೆ. ರೋನಾಳದು ಅಂಥದ್ದಲ್ಲ. ಆ ದೇಶದಲ್ಲಿ ಪ್ರತಿಯೊಂದು ಶಾಲೆಯಲ್ಲೂ ಕ್ರಿಸ್ಮಸ್‌ಗೆ ಮುಂಚೆ ಆಟದ ಪಾಠ ನಿಲ್ಲಿಸಿ ಕುಣಿತ ಕಲಿಸುತ್ತಾರೆ. ಹುಡುಗರು ಒಂದು ಗೋಡೆಗೆ, ಹುಡುಗಿಯರು ಇನ್ನೊಂದು ಗೋಡೆಗೆ. ಹುಡುಗರು ಬಂದು ಆರಿಸಿಕೊಳ್ಳಬೇಕು. ರೋನಾಳ ತಾಯಿಯೂ ಮೀನಿನ ಶೆಡ್ಡಿನವಳೇ. ಹನ್ನೆರಡು ವರ್ಷದ ರೋನಾಳ ಎದುರು ಕೊನೆಗೆ ಉಳಿದ ಹುಡುಗ, ಮೇಷ್ಟ್ರು ಗದರಿದ ಮೇಲೆ, ಸ್ವೆಟರ್ ತೋಳನ್ನು ಬೆರಳು ಮುಚ್ಚುವ ತನಕ ಎಳೆದುಕೊಂಡು ಕೈ ಚಾಚಿದ. ಮುಟ್ಟಿದರೆ ಮೀನು ವಾಸನೆ ಹತ್ತುತ್ತದಂತೆ. ಉಳಿದವರು ಕಿಸಿಕಿಸಿ ನಕ್ಕರು. ಮರುವರ್ಷದಿಂದ ಡಿಸೆಂಬರ್ ಬಂತೆಂದರೆ ರೋನಾಳಿಗೆ ಹೊಟ್ಟೆನೋವು. ಹೀಗಾಗಿ ಊರಿಗೆಲ್ಲ ಬರುವ ಕುಣಿತ ಅವಳೊಬ್ಬಳಿಗೆ ಬರಲಿಲ್ಲ. ಬರುವುದಿಲ್ಲ ಎಂದು ಹೇಳುವುದಕ್ಕೂ ಬಾಯಿ ಬರಲಿಲ್ಲ.

ಈ ಸಲ ತನ್ನ ಜಾಗದಲ್ಲಿ ತಾನೇ ನಿಲ್ಲಬೇಕು. ಇಷ್ಟೇ ಅವಳ ಆಸೆ. ಆದರೆ ಅದನ್ನು ಯಾರಿಗೂ ಹೇಳಲಿಲ್ಲ, ಆಗದಿದ್ದರೆ ನಗೆಪಾಟಲು.

ಚರ್ಚಿನ ಹಾಲ್‌ನಲ್ಲಿ ಕಲಿಸುತ್ತಿದ್ದವಳು ನೆಟಾ ಗಾಲ್ಡ್. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತಿಯಾದವಳು. ಮಾತೂ ಹಾಗೆಯೇ, ಒಂದೊಂದೂ ಠಪ್ಪೆಂದು ಬೀಳುತ್ತಿತ್ತು.

"ಹೊಸಬಳಾ? ಬಾಗಿಲಲ್ಲಿ ನಿಂತು ಚಳಿ ಒಳಗೆ ಬಿಡ್ಬೇಡ, ಬಾ. ಮುಂಚೆ ಕುಣಿದಿದೀಯಾ?"

"ಸ್ಕೂಲಲ್ಲಿ..." ಎಂದಳು ರೋನಾ. ಅದೂ ಸುಳ್ಳು.

"ಸ್ಕೂಲಲ್ಲಿ ಎಲ್ರೂ ಕುಣಿದಿರ್ತಾರೆ. ಕುಣಿತ ಬಿಟ್ಟಿರೋದೂ ಅಲ್ಲೇ. ಹೋಗು, ವಾಟಿ ಎದುರು ನಿಂತ್ಕೋ."

ವಾಟಿ ಬುಚನ್ ಎಂದರೆ ಎಪ್ಪತ್ನಾಲ್ಕು ವರ್ಷದ ಹಳೆಯ ಮೀನುಗಾರ, ಸೊಂಟ ಆಪರೇಷನ್ ಆದವನು. ಹೆಜ್ಜೆ ಇಡುವಾಗ ಮಾತ್ರ ಆ ಸೊಂಟ ಅವನಿಗೆ ನೆನಪಾಗುತ್ತಿರಲಿಲ್ಲ. ಮೊದಲ ಸಂಜೆ ರೋನಾ ಎಡಕ್ಕೆ ಹೋಗೆಂದರೆ ಬಲಕ್ಕೆ ಹೋದಳು, ಬಲಕ್ಕೆಂದರೆ ನಿಂತಳು, ಒಂದು ಸಲ ಅವನ ಕಾಲನ್ನೇ ತುಳಿದಳು. ನಾಚಿಕೆಗೆ ಅವಳ ಮುಖ ಬೆಂಕಿಯಾಯಿತು.

"ನೆಲ ಜಾರುತ್ತೆ" ಎಂದಳು ಸಮಾಧಾನಕ್ಕೆ.

"ಜಾರೋದಲ್ಲ ತಾಯಿ, ಡೊಂಕು" ಎಂದ ವಾಟಿ. "ಚರ್ಚಿನೋರು ಅಳತೆ ತಪ್ಪಿ ಕಟ್ಟಿಸಿದ್ದಾರೆ. ಒಂದು ಗೋಲಿ ಬಿಟ್ಟು ನೋಡು, ತಾನೇ ಓಡುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂತ ಗಾದೆ ಇದೆಯಲ್ಲ, ಇಲ್ಲಿ ಧೈರ್ಯವಾಗಿ ಅನ್ನು. ಇಲ್ಲಿ ಅದು ನಿಜ."

ರೋನಾ ನಗಬೇಕೋ ಬೇಡವೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದಳು.

ಹೋದಷ್ಟೇ ಸುಸ್ತಾಗಿ ವಾಪಸ್ಸು ಬಂದಳು. ಆದರೂ ಮುಂದಿನ ಬುಧವಾರ ಹೋದಳು, ಅದರ ಮುಂದಿನದೂ ಹೋದಳು. ಹೋಗುವ ಮೊದಲು ನಿಂಬೆಹಣ್ಣು ಹಚ್ಚಿ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಬೆರಳಿನ ಗೀರುಗಳಿಗೆ ಹುಳಿ ತಾಗಿ ಉರಿಯುತ್ತಿತ್ತು. ನವೆಂಬರ್ ಕಳೆಯುವ ಹೊತ್ತಿಗೆ ಎಡ ಬಲ ಗೊತ್ತಾಯಿತು. ಡಿಸೆಂಬರ್‌ನಲ್ಲಿ ಅವಳಿಗೊಂದು ಉಪಾಯ ಹೊಳೆಯಿತು.

ಆ ಕುಣಿತದ ಕ್ರಮ ಹೀಗೆ. ನಾಲ್ಕು ಜೋಡಿ ಸೇರಿದರೆ ಒಂದು ತಂಡ. ಗಂಡಸರು ಒಂದು ಸಾಲು, ಹೆಂಗಸರು ಎದುರು ಸಾಲು. ವಾದ್ಯದ ಹತ್ತಿರ ಇರುವುದು ಸಾಲಿನ ತಲೆ. ತಲೆಯ ಜೋಡಿ ಮೊದಲು ಕುಣಿಯುತ್ತದೆ, ಎರಡು ಸಲ ಕುಣಿದು ಬಾಲಕ್ಕೆ ಹೋಗುತ್ತದೆ. ಆಮೇಲೆ ಎರಡನೆಯವರ ಪಾಳಿ, ಮೂರನೆಯವರದು, ಕೊನೆಗೆ ನಾಲ್ಕನೆಯವರದು. ಅಂದರೆ ಬಾಲದಲ್ಲಿ ನಿಂತವರು ತಮ್ಮ ಪಾಳಿ ಬರುವಷ್ಟರಲ್ಲಿ ಅದನ್ನೇ ಆರು ಸಲ ನೋಡಿರುತ್ತಾರೆ. ರೋನಾ ಬಾಲ ಹಿಡಿದಳು. ನೆಟಾ "ಸಾಲು ಕಟ್ಟಿ" ಎಂದ ಕೂಡಲೇ ವಾಟಿಯ ತೋಳು ಹಿಡಿದು ಕೆಳಗಿನ ತುದಿಗೆ ಎಳೆಯುತ್ತಿದ್ದಳು.

"ಯಾಕಮ್ಮ, ಯಾವಾಗ್ಲೂ ಬಾಲ?" ಎಂದ ಅವನು ಒಂದು ಸಲ.

"ನಿಮ್ಮ ಸೊಂಟಕ್ಕೆ ಒಳ್ಳೇದು, ಸ್ವಲ್ಪ ಹೊತ್ತು ನಿಂತಿರಬಹುದು."

"ಓಹೋ, ನನ್ನ ಸೊಂಟದ ಚಿಂತೆ! ನನ್ನ ಹೆಂಡತಿಗೂ ಇರಲಿಲ್ಲ" ಎಂದು ಮುದುಕ ನಕ್ಕ.

ನೆಟಾ ಕನ್ನಡಕದ ಮೇಲಿಂದ ನೋಡಿ ಹಾಡಿನ ಸಿ.ಡಿ. ಹಾಕಿದಳು. ವಾರಕ್ಕೆ ಹತ್ತು ಹನ್ನೆರಡು ಜನ ಬರುವ ತರಗತಿ. ಎಂಟು ಜನಕ್ಕೆ ಒಂದು ತಂಡವಾದರೆ ಉಳಿದವರು ಸರದಿ ಕಾಯುತ್ತಾರೆ. ಇರುವುದೊಂದೇ ತಂಡ, ಹಾಗಾಗಿ ಬಾಲ ಎಂದರೆ ಬಾಲವೇ. ಆ ನೆಮ್ಮದಿಯಲ್ಲಿ ರೋನಾ ಮೂರು ತಿಂಗಳು ಕಳೆದಳು. ತಾನು ಕಲಿತೆ ಎಂದೇ ಅಂದುಕೊಂಡಳು. ಬೇರೆಯವರ ಬೆನ್ನು ನೋಡಿಕೊಂಡು ನಡೆಯುವುದಕ್ಕೂ ದಾರಿ ಗೊತ್ತಿರುವುದಕ್ಕೂ ಇರುವ ವ್ಯತ್ಯಾಸ ನಡೆಯುವವರಿಗೆ ಎಲ್ಲಿ ತಿಳಿಯುತ್ತದೆ?

ಮಾರ್ಚಿನಲ್ಲಿ ವಸಂತದ ಕೂಟ ಬಂತು. ಬೇರೆ ಎರಡು ಊರಿನವರು ಬಸ್ಸು ಮಾಡಿಕೊಂಡು ಬಂದಿದ್ದರು. ಸಿ.ಡಿ. ಬದಲು ಅಕಾರ್ಡಿಯನ್ನು, ಪಿಟೀಲು. ಮೇಜಿನ ಮೇಲೆ ಟೀ ಬಾಯ್ಲರು, ಬೆಣ್ಣೆ ಬಿಸ್ಕತ್ತು, ಸಕ್ಕರೆ ಮಿಠಾಯಿ. ಮೊದಲೆರಡು ಕುಣಿತ ಚೆನ್ನಾಗಿಯೇ ಆಯಿತು. ಮೂರನೆಯದು ವಾಟಿಗೆ ಬಹಳ ಇಷ್ಟವಾದ ರೀಲ್ ಎಂಬ ಚುರುಕು ಕುಣಿತ, ವರ್ಷಕ್ಕೊಮ್ಮೆ ಮಾತ್ರ ಕುಣಿಯುವಂಥದ್ದು. ರೋನಾ ಎಂದಿನಂತೆ ಅವನನ್ನು ಎಳೆದುಕೊಂಡು ಹಾಲ್ ಉದ್ದಕ್ಕೂ ನಡೆದು ಎಲ್ಲರ ಕೆಳಗೆ ಹೋಗಿ ನಿಂತಳು. ಮೇಲಿನಿಂದ ನೆಟಾ ಬೆರಳು ಮಾಡಿ ಎಣಿಸುತ್ತ ಬಂದಳು. "ಒಂದು, ಎರಡು, ಮೂರು, ನಾಲ್ಕು. ಒಂದು ತಂಡ. ಒಂದು, ಎರಡು, ಮೂರು, ನಾಲ್ಕು. ಎರಡು ತಂಡ." ಆಮೇಲೆ ಉಳಿದದ್ದು ಒಂದೇ ಜೋಡಿ.

"ನೀವಿಬ್ರು ಹೆಚ್ಚಾದ್ರಿ. ಇನ್ನು ಮೂರು ಜೋಡಿ ಬಂದ್ರೆ ಸರಿ, ಇಲ್ದಿದ್ರೆ ಕೂತ್ಕೊಳ್ಳಿ."

ಸದ್ಯ, ಬದುಕಿದೆ ಎಂದುಕೊಂಡಳು ರೋನಾ. ವಾಟಿಯ ಮುಖ ಚಿಕ್ಕದಾಯಿತು. ಅಷ್ಟರಲ್ಲಿ ಟೀ ಮೇಜಿನ ಹತ್ತಿರ ಹರಟುತ್ತಿದ್ದ ಪರವೂರಿನ ಆರು ಜನ "ನಾವಿದೀವಿ, ನಾವಿದೀವಿ" ಎಂದು ಬಿಸ್ಕತ್ತು ಬಾಯಿಗೆ ತುರುಕಿಕೊಂಡು ಓಡಿ ಬಂದರು. ತಡವಾಗಿ ಬಂದವರು ಮೇಲೆ ನುಗ್ಗುವ ಹಾಗಿಲ್ಲ, ಕೆಳಗೇ ಸೇರಬೇಕು, ಅದು ನಿಯಮ. ಸೇರಿದರು. ನೆಟಾಳ ಬೆರಳು ರೋನಾಳ ಎದೆಗೆ ನೆಟ್ಟಿತು.

"ಒಂದು."

ನೋಡಿದಿರಾ! ಬಾಲವೆಂದು ಓಡಿ ಓಡಿ ಹೋಗಿ ನಿಂತ ಜಾಗವೇ ಹೊಸ ತಂಡದ ತಲೆ. ಎರಡು, ಮೂರು, ನಾಲ್ಕು ಎಂದು ನೆಟಾ ಎಣಿಸಿದ್ದು ರೋನಾಳ ಕಿವಿಗೆ ಬೀಳಲಿಲ್ಲ. ಮುಂದೆ ಯಾರ ಬೆನ್ನೂ ಇರಲಿಲ್ಲ. ಮೇಲಿನ ಎರಡು ತಂಡಗಳ ಕಡೆ ನೋಡಿದರೆ ಅವರೆಲ್ಲ ದೂರ. ಕೆಳಗಿನ ಆರು ಜನ ಅಪರಿಚಿತರು ನೀವು ಶುರು ಮಾಡಿ ಎಂಬಂತೆ ನಗುತ್ತ ನಿಂತಿದ್ದರು. ಮೊದಲ ಹೆಜ್ಜೆ ಎಡವೋ ಬಲವೋ? ಕೈ ಕೊಡುವುದೋ ಸುತ್ತುವುದೋ? ಒಂದೂ ಹೊಳೆಯಲಿಲ್ಲ. ಅಕಾರ್ಡಿಯನ್ನಿನವನು ಮೊದಲ ಸ್ವರ ಎಳೆದ. ವಾಟಿ ಸಂಪ್ರದಾಯದಂತೆ ತಲೆ ಬಗ್ಗಿಸಿ ವಂದಿಸಿದ. ಅವನು ತಲೆ ಎತ್ತುವಷ್ಟರಲ್ಲಿ ಎದುರಿಗೆ ಯಾರೂ ಇರಲಿಲ್ಲ. ರೋನಾ ಗೂಟದಿಂದ ಕೋಟು ಕಿತ್ತುಕೊಂಡು ಬಾಗಿಲು ದಾಟಿಯಾಗಿತ್ತು.

ಎರಡು ಬುಧವಾರ ಹೋಗಲಿಲ್ಲ. ಗ್ರೆಗರ್ ಫೋನ್ ಮಾಡಿದಾಗ, "ಡೋರೀನ್ ಹೊಸ ಬಟ್ಟೆ ತಗೊಂಡ್ಳಾ?" ಎಂದು ಕೇಳಿದಳು. ತಗೊಂಡಳಂತೆ, ಹಸಿರು ಬಣ್ಣದ್ದಂತೆ. ಒಳ್ಳೆಯದೇ ಆಯಿತು ಎಂದಳು. ಫೋನಿಟ್ಟು ಅತ್ತಳು. ಅಳುವುದಕ್ಕೂ ಬೇಸರವಾಗುವ ಒಂದು ಅಳು ಇರುತ್ತದಲ್ಲ, ಅಂಥದ್ದು. ಐವತ್ತೆರಡು ವರ್ಷಕ್ಕೆ ಈ ಹಣೆಬರಹವೇ, ಥೂ, ಎಂದು ತನ್ನನ್ನೇ ಬೈದುಕೊಂಡು ಮುಖ ತೊಳೆದಳು.

ಎರಡನೆಯ ವಾರದ ಶುಕ್ರವಾರ ಪಾಳಿ ಮುಗಿಸಿ ಹೊರಬಂದರೆ ಶೆಡ್ಡಿನ ಗೇಟಿಗೆ ಒರಗಿಕೊಂಡು ವಾಟಿ ನಿಂತಿದ್ದ. ಗಾಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಕ್ಷಮಿಸಿ ವಾಟಿ" ಎಂದಳು ಮೊದಲೇ. "ಅವತ್ತು ನಿಮಗೆ ಅವಮಾನ ಮಾಡ್ದೆ."

"ಅವಮಾನ ಹಾಳಾಗ್ಲಿ. ನನಗೆ ಕುಣಿತ ಹೋಯ್ತು." ಮುದುಕನಿಗೆ ನಿಜವಾಗಿ ಸಿಟ್ಟಿತ್ತು. "ವರ್ಷಕ್ಕೊಂದ್ಸಲ ಬರೋ ರೀಲ್ ಅದು. ಮುಂದಿನ ವರ್ಷಕ್ಕೆ ನಾನಿರ್ತೀನೋ ಇಲ್ವೋ, ಸೊಂಟ ಇರುತ್ತೋ ಇಲ್ವೋ. ನಾನೊಬ್ಬನೇ ಅಲ್ಲ. ಏಳು ಜನ ಕೂತ್ವಿ ರೋನಾ. ನಲವತ್ತು ಮೈಲಿ ಬಸ್ಸಲ್ಲಿ ಕೂತು ಬಂದೋರು, ಮತ್ತೆ ಕೂತ್ರು."

"ಎಲ್ಲಾರೂ ನನ್ನೇ ನೋಡ್ತಿದ್ರು. ನನ್ನಿಂದ ಆಗ್ಲಿಲ್ಲ."

"ನಿನ್ನ ಯಾರು ನೋಡ್ತಿದ್ರು ಮಾರಾಯ್ತಿ? ಅವರವರ ಕಾಲು ಅವರವರು ನೋಡ್ಕೊಳ್ಳೋದೇ ಹೆಚ್ಚು. ಆ ಕೆಂಪು ಟೈನವನು ಮನಸಲ್ಲೇ ಹೆಜ್ಜೆ ಎಣಿಸ್ತಿದ್ದ, ತುಟಿ ಅಲ್ಲಾಡ್ತಿತ್ತು. ಎಲ್ಲಾರೂ ನಿನ್ನ ನೋಡಿದ್ದು ಯಾವಾಗ ಗೊತ್ತಾ? ನೀನು ಬಿಟ್ಟು ಓಡಿದ್ಯಲ್ಲ, ಆಗ."

ವಾಟಿ ಕಣ್ಣೊರೆಸಿಕೊಂಡ.

"ತಪ್ಪು ಹೆಜ್ಜೆ ಹಾಕಿದ್ರೆ ನಾವು ಏಳು ಜನ ಇರ್ಲಿಲ್ವೇನು, ಹಿಡಿದು ತಿರುಗಿಸೋಕೆ? ಅದಕ್ಕೇ ಅಲ್ವಾ ಎಂಟು ಜನ ಇರೋದು? ನೀನು ಭಾರಿ ನಾಚಿಕೆಯವಳು, ಒಪ್ಪಿದೆ. ಆದರೆ ನಿನ್ನ ನಾಚಿಕೆಗೆ ನಾವ್ಯಾಕೆ ದಂಡ ಕಟ್ಟಬೇಕು?"

ಇಷ್ಟು ಹೇಳಿ ಮುದುಕ ಕೋಟಿನ ಕಾಲರ್ ಎತ್ತಿಕೊಂಡು ಹೊರಟೇಹೋದ. ರೋನಾ ಗೇಟಿನಲ್ಲೇ ನಿಂತಳು. ಇಷ್ಟು ವರ್ಷ ತನ್ನ ನಾಚಿಕೆಯಿಂದ ಸಂಕಟಪಟ್ಟವಳು ತಾನೊಬ್ಬಳೇ ಎಂದು ತಿಳಿದಿದ್ದಳು. ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿರುವವಳು, ಪಾಪದವಳು. ಈಗ ಕೈ ಚಾಚಿಕೊಂಡು ನಿಂತ ಕರ್ಸ್ಟಿಯ ಮಾವ ಕಣ್ಣಮುಂದೆ ಬಂದ. ಮದುಮಗಳು ಮುಂದೆ ನಡೆಯುತ್ತ ಒಂದು ಸಲ ನಿಂತು ಹಿಂದೆ ತಿರುಗಿ ನೋಡಿದಳಂತೆ, ಡೋರೀನ್ ಆಮೇಲೆ ಹೇಳಿದ್ದಳು. ಆ ಮಾತನ್ನು ರೋನಾ ನಾಲ್ಕು ವರ್ಷ ಮನಸ್ಸಿಗೆ ಹಚ್ಚಿಕೊಳ್ಳದೆ ತಪ್ಪಿಸಿಕೊಂಡು ಬಂದಿದ್ದಳು. ಗೇಟಿನ ಹತ್ತಿರ, ಮೀನಿನ ಪೆಟ್ಟಿಗೆ ತುಂಬಿದ ಲಾರಿ ಹಾರ್ನ್ ಹೊಡೆಯುತ್ತಿರುವಾಗ, ಅದು ಸರಿಯಾಗಿ ನಾಟಿತು.

ಮುಂದಿನ ಬುಧವಾರ ಹೋದಳು. ಒಬ್ಬರೂ ಏನೂ ಕೇಳಲಿಲ್ಲ. ನೆಟಾ ಮಾತ್ರ, "ಬಂದ್ಯಾ? ಇನ್ಮೇಲೆ ನೀನು ಒಂದನೇ ಜೋಡಿ. ಪ್ರತಿ ಕುಣಿತಕ್ಕೂ" ಎಂದಳು.

"ತಪ್ಪಾಗುತ್ತೆ ಟೀಚರ್."

"ಆಗ್ಲಿ. ಆಗಿ ಆಗಿ ಸವೀಲಿ. ತಪ್ಪಾದ್ರೆ ನಗ್ತಾ ತಪ್ಪು ಮಾಡು, ನೋಡೋರಿಗೆ ಅದೇ ಸರಿ ಅನ್ಸುತ್ತೆ. ಕಾಲು ನೋಡ್ಬೇಡ. ವಾಟಿ ಮುಖ ನೋಡು. ನೋಡೋಕೆ ಚೆನ್ನಾಗಿಲ್ಲ, ಆದ್ರೂ ನೋಡು."

ಮಾರ್ಚಿನ ಉಳಿದ ದಿನ, ಏಪ್ರಿಲ್ ಪೂರ್ತಿ ಸಾಲಿನ ತಲೆಯಲ್ಲೇ ನಿಂತಳು. ಸಲೀಸಾಗಲಿಲ್ಲ, ಸುಳ್ಳೇಕೆ ಹೇಳಲಿ. ಎಷ್ಟೋ ಸಲ ದಾರಿ ತಪ್ಪಿದಳು. ಯಾರದೋ ಕೈ ಬಂದು ಭುಜ ಹಿಡಿದು ಸರಿಯಾದ ಕಡೆಗೆ ತಿರುಗಿಸುತ್ತಿತ್ತು. ಮನೆಗೆ ಬಂದು ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಲ್ಲೇ ತೂಕಡಿಸುತ್ತಿದ್ದಳು. ಹೆದರಿಕೆ ಹೋಗಲಿಲ್ಲ. ಹೆದರಿಕೊಂಡೇ ಕುಣಿಯುವುದು ರೂಢಿಯಾಯಿತು, ಅಷ್ಟೇ.

ಏಪ್ರಿಲ್ ಕೊನೆಯಲ್ಲಿ ಗ್ರೆಗರ್‌ಗೆ ಹೇಳಿದಳು. "ಡೋರೀನ್‌ಗೆ ಹೇಳು, ಹಸಿರು ಬಟ್ಟೆ ಹಾಕ್ಕೊಂಡು ಬರ್ಲಿ, ಆದ್ರೆ ಬೀಗರ ಕೈ ನಾನು ಹಿಡೀತೀನಿ." ಡೋರೀನ್ ಫೋನ್ ಮಾಡಿ ಹಂಗಿಸಿದಳು: "ಏನತ್ತಿಗೇ, ಕಪ್ಪು ತೊಳೆಯೋಕೆ ಈ ಸಲ ಯಾರನ್ನ ಗೊತ್ತು ಮಾಡಿದೀಯ?"

ಮದುವೆಯ ದಿನ ಟೌನ್ ಹಾಲ್‌ನಲ್ಲಿ ನೂರಿಪ್ಪತ್ತು ಜನ. ಹೆಣ್ಣು ಏಲೀಯ ತಂದೆ ಅಲಿಸ್ಟರ್ ಲೀಸ್ಕ್ ದನದ ಸಂತೆಯಲ್ಲಿ ಹರಾಜು ಕೂಗುವವನು. ಆಳು ಬಾಗಿಲಿನಷ್ಟು ಅಗಲ, ಗಂಟಲು ಅದಕ್ಕಿಂತ ಅಗಲ. ಊಟವಾಯಿತು. ಬ್ಯಾಂಡಿನವನು ಮೆರವಣಿಗೆಗೆ ಕರೆದ. ರೋನಾ ಎದ್ದಳು. ಲೀಸ್ಕ್ ಬಂದು ಬಗ್ಗಿ ಕೈ ಚಾಚಿದ, ಹಿಡಿದಳು. ಜೋಡಿ ಜೋಡಿಯಾಗಿ ಹಾಲ್ ಮಧ್ಯೆ ಬಂದು ಒಂದು ಜೋಡಿ ಎಡಕ್ಕೆ, ಒಂದು ಜೋಡಿ ಬಲಕ್ಕೆ ಒಡೆದು ಸುತ್ತಿ ಬಂದು ಮತ್ತೆ ಸೇರಬೇಕು. ಎರಡನೆಯ ಸುತ್ತಿನಲ್ಲಿ ರೋನಾ ತಾನೊಂದು ಕಡೆ, ಬೀಗರನ್ನು ಇನ್ನೊಂದು ಕಡೆ ಬಿಟ್ಟು ಹೊರಟೇಬಿಟ್ಟಳು.

"ಈ ಕಡೆ ಕಣ್ರಮ್ಮಾ, ಈ ಕಡೆ! ನನ್ನ ಬಿಟ್ಟು ಎಲ್ಲಿಗೆ?" ಎಂದು ಲೀಸ್ಕ್ ಸಂತೆಯ ದನಿಯಲ್ಲಿ ಕೂಗಿದ.

ಹಾಲ್‌ಗೆ ಹಾಲ್ ನಕ್ಕಿತು. ರೋನಾ ಅಲ್ಲೇ ಸತ್ತುಹೋಗುತ್ತೇನೆ ಎಂದುಕೊಂಡಳು. ಸಾಯಲಿಲ್ಲ. ತಿರುಗಿ ಬಂದು ಅವನ ಕೈ ಹಿಡಿದು, "ಹರಾಜಿಗೆ ಹಾಕಬೇಡಿ ಬೀಗ್ರೇ, ಬಂದೆ" ಎಂದಳು. ಅಷ್ಟು ಜೋರಾಗಿ ತಾನು ಮಾತಾಡಿದ್ದು ಅವಳಿಗೇ ಆಶ್ಚರ್ಯ. ಮತ್ತೆ ನಕ್ಕರು. ಮುಂದೆ ನಾಲ್ಕು ನಾಲ್ಕು ಜನ, ಆಮೇಲೆ ಎಂಟೆಂಟು ಜನ ಸಾಲಾಗಿ ಕೈ ಹಿಡಿದು ಬಂದರು. ಕೊನೆಯಲ್ಲಿ ಗ್ರೆಗರ್ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ರೋನಾಳಿಗೆ ಮೈಯೆಲ್ಲ ಹಗುರ, ಕಾಲು ಮಾತ್ರ ಕಾದ ಕಬ್ಬಿಣ. ಕರ್ಸ್ಟಿ ಎಲ್ಲಿ ಎಂದು ಸುತ್ತ ನೋಡಿದಳು. ಚಪ್ಪಾಳೆ ತಟ್ಟುವವರ ಸಾಲಿನಲ್ಲಿ ಆಗತಾನೇ ಇದ್ದವಳು ಈಗ ಇರಲಿಲ್ಲ.

ಕರ್ಸ್ಟಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ವರ್ಷದ ಮಗಳು ಫ್ಲೋರಾ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಬಂದರಿನ ಮೇಲೆ ಇನ್ನೂ ಬಿಸಿಲಿತ್ತು.

"ಇಲ್ಯಾಕೆ ಕೂತಿದೀಯಾ? ಚಳಿ" ಎಂದಳು ರೋನಾ.

"ಚೆನ್ನಾಗಿ ಕುಣಿದೆ ಅಮ್ಮ."

"ದಾರಿ ತಪ್ಪಿದ್ದೆ, ನೋಡ್ಲಿಲ್ವಾ?"

"ನೋಡಿದೆ." ಕರ್ಸ್ಟಿ ಮಗುವಿನ ಬೆನ್ನು ತಟ್ಟಿದಳು. "ಎಷ್ಟು ದಿನ ಕಲ್ತೆ?"

"ಅಕ್ಟೋಬರ್‌ನಿಂದ."

"ಏಳು ತಿಂಗ್ಳು." ಮಗುವಿನ ಕಾಲಿನ ಮೇಲೆ ಬಟ್ಟೆ ಎಳೆದು ಮುಚ್ಚಿದಳು. "ನನ್ನ ಮದುವೆ ಗೊತ್ತಾಗಿದ್ದು ಒಂದು ವರ್ಷ ಮುಂಚೆ."

ರೋನಾ ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ತಾನು ಕಲಿತರೆ, ಒಂದು ಸಲ ಎಲ್ಲರೆದುರು ನಿಂತರೆ, ಹಳೆಯದೆಲ್ಲ ತೊಳೆದುಹೋಗುತ್ತದೆ ಎಂದುಕೊಂಡಿದ್ದಳು. ಆಗಲ್ಲ ಎಂದಿದ್ದಷ್ಟು ದಿನ ಮಗಳು ಹೇಗೋ ಸಹಿಸಿಕೊಂಡಿದ್ದಳು, ಅಮ್ಮನ ಕೈಲಿ ಆಗುವುದಿಲ್ಲ, ಏನು ಮಾಡೋಣ ಎಂದು. ಈಗ ಆಗುತ್ತದೆ ಎಂದು ಅಮ್ಮನೇ ತೋರಿಸಿಬಿಟ್ಟಿದ್ದಳು, ತಮ್ಮನ ಮದುವೆಯಲ್ಲಿ. ಶಾಲೆಯಲ್ಲಿ ಏನಾಯಿತು ಗೊತ್ತಾ ಎಂದು ಶುರುಮಾಡಬಹುದಿತ್ತು. ನಾಲಿಗೆ ತುದಿಗೂ ಬಂತು. ನುಂಗಿಕೊಂಡಳು.

"ಹೌದು" ಎಂದಳು. "ಒಂದು ವರ್ಷ ಇತ್ತು. ಕಲೀಬಹುದಿತ್ತು. ನನ್ನ ಹೆದರಿಕೆ ನನಗೆ ನಿನಗಿಂತ ದೊಡ್ಡದಾಗಿತ್ತು ಕರ್ಸ್ಟಿ. ನೀನು ತಿರುಗಿ ನೋಡಿದ್ದೆ ಅಂತ ಗೊತ್ತು. ತಪ್ಪು ನಂದೇ."

ಕರ್ಸ್ಟಿ ಅತ್ತಳು. ಮಗು ಏಳಬಾರದೆಂದು ಸದ್ದಿಲ್ಲದೆ ಅತ್ತಳು. ರೋನಾ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು. ಮಂಡಿ ಕಟಕಟ ಎಂದಿತು.

"ಒಳಗೆ ಬರ್ತೀಯಾ? ನನ್ನ ಜೊತೆ ಒಂದು ಕುಣಿತ..."

"ಇವತ್ತು ಆಗಲ್ಲಮ್ಮ. ಕೇಳ್ಬೇಡ."

"ಸರಿ."

ಬಾಗಿಲು ಧಡಾರೆಂದು ತೆರೆಯಿತು. ಬೆವತು ಕೆಂಪಾದ ಡೋರೀನ್, ಹಸಿರು ಬಟ್ಟೆ. "ಅತ್ತಿಗೇ! ಇಲ್ಲಿದೀಯಾ? ನಮ್ಮ ಸಾಲಿಗೆ ಒಬ್ರು ಕಮ್ಮಿ, ಬೀಗ್ರು ನಿನ್ನೇ ಕೇಳ್ತಿದಾರೆ. ಏಳು, ಏಳು, ಬ್ಯಾಂಡಿನೋರು ಶುರು ಮಾಡ್ತಾರೆ."

ಒಳಗಿನಿಂದ ಪಿಟೀಲಿನವನು ರಾಗ ಹಿಡಿದು ನೋಡುವ ಸದ್ದು ಬಂತು. ಯಾವ ಕುಣಿತ ಎಂದು ರೋನಾಳಿಗೆ ಗೊತ್ತಾಯಿತು. ಆ ಕುಣಿತ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು.

"ನಾನು ಬರಲ್ಲ ಡೋರೀನ್. ಬೇರೆ ಯಾರನ್ನಾದ್ರೂ ಕರಕೊಳ್ಳಿ."

"ಅಯ್ಯೋ, ಮತ್ತೆ ಶುರುವಾಯ್ತಾ ನಿನ್ನ ನಾಚಿಕೆ!"

"ನಾಚಿಕೆ ಅಲ್ಲ" ಎಂದಳು ರೋನಾ. "ನಾನಿಲ್ಲಿ ಕೂತಿದೀನಿ."

ಡೋರೀನ್ ಇಬ್ಬರ ಮುಖ ನೋಡಿದಳು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಒಳಗೆ ವಾದ್ಯ ಶುರುವಾಯಿತು, ನೂರಾರು ಕಾಲು ಒಟ್ಟಿಗೆ ನೆಲ ಮುಟ್ಟಿದ ಸದ್ದು ಮೆಟ್ಟಿಲವರೆಗೂ ಬಂತು. ಒಂದು ಪಾಳಿ ಮುಗಿಯಿತು, ಎರಡು ಮುಗಿಯಿತು. ಆಮೇಲೆ ಕರ್ಸ್ಟಿ ಮೂಗೊರೆಸಿಕೊಂಡು, ಮಗುವನ್ನು ಹೆಗಲಿಂದ ಮೆಲ್ಲಗೆ ಬಿಡಿಸಿದಳು.

"ಹಿಡ್ಕೊಮ್ಮ ಸ್ವಲ್ಪ ಹೊತ್ತು. ನನ್ನ ಕೈ ಸೋತುಹೋಯ್ತು."

ರೋನಾ ಹಿಡಿದುಕೊಂಡಳು. ನಿದ್ದೆಯ ಮಗು, ಭಾರವಾಗಿತ್ತು.